‘ಮ್ಯಾಲ ಬಾ’ ಎಂದವರು ಯಾರು?

ದೆವ್ವ, ಶಕುನ, ಕನಸಿನ ಸೂಚನೆ ಎಂದು ಯಾರಾದರೂ ಮಾತು ತೆಗೆದರೆ ನಾನು ನಕ್ಕು ಎದ್ದು ಹೋಗುತ್ತಿದ್ದೆ. ಎಂಜಿನ್ ಬಿಚ್ಚಿ ಜೋಡಿಸುತ್ತ ಬದುಕಿದವನು ನಾನು. ಕಾರಣವಿಲ್ಲದೆ ಯಾವುದೂ ಕೆಡುವುದಿಲ್ಲ ಎಂಬುದು ನನ್ನ ಕೈಗಳಿಗೇ ಗೊತ್ತಿತ್ತು. ಆದರೆ ಎಪ್ಪತ್ತರ ದಶಕದ ಆ ಬರಗಾಲ ಮುಗಿಯುತ್ತ ಬಂದಿದ್ದಾಗ, ಹೂವಿನ ಹಿಪ್ಪರಗಿಯಿಂದ ಮುದ್ದೇಬಿಹಾಳದ ಕಡೆಗೆ ಹೋಗುವ ದಾರಿಯ ಒಂದು ಹಳ್ಳದಲ್ಲಿ ನಡೆದದ್ದಕ್ಕೆ ಕಾರಣ ಹುಡುಕಲು ಈವರೆಗೆ ನನ್ನಿಂದ ಆಗಿಲ್ಲ. ನಡೆದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆಗ ಬಸವನ ಬಾಗೇವಾಡಿಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜು ಇತ್ತು. ಕುಡಿಯುವ ನೀರಿಗಾಗಿ ಊರೂರಿಗೆ ಬೋರು ಕೊರೆಯುವ ಗುತ್ತಿಗೆದಾರರೊಬ್ಬರ ಹತ್ತಿರ ಹಳೆಯ ವಿದೇಶಿ ಲಾರಿಯಿತ್ತು. ಕೊರೆಯುವ ಯಂತ್ರವನ್ನು ಅದರ ಬೆನ್ನ ಮೇಲೆಯೇ ಕೂಡಿಸಿದ್ದರು. ನಮ್ಮ ಭಾಗದಲ್ಲಿ ಪವರ್ ಸ್ಟೇರಿಂಗ್ ಇದ್ದ ಲಾರಿ ನಾನು ಕಂಡದ್ದು ಅದೊಂದೇ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಒಂದು ಪಂಪು ಎಣ್ಣೆಯನ್ನು ಒತ್ತಿ ಕಳಿಸುತ್ತಿತ್ತು. ಆ ಒತ್ತಡದಿಂದ ಅಷ್ಟು ಭಾರದ ಗಾಲಿಗಳೂ ಹಗುರವಾಗಿ ಹೊರಳುತ್ತಿದ್ದವು. ಪಂಪು ಕೆಟ್ಟರೆ ಸ್ಟೇರಿಂಗ್ ಕಲ್ಲು.

ಡ್ರೈವರ್ ಲಾಲಸಾಬ ನನ್ನ ತಂದೆಯ ವಯಸ್ಸಿನವರು. ಗಟ್ಟಿಮುಟ್ಟಾದ ಆಳು, ಅಷ್ಟೇ ಬೇಗ ಸಿಟ್ಟು. ನಾನು ಅವರಿಗೆ ‘ಕಾಕಾ’ ಎನ್ನುತ್ತಿದ್ದೆ, ಅವರು ನನಗೆ ‘ಮಿಸ್ತ್ರಿ’ ಎನ್ನುತ್ತಿದ್ದರು. ಒಂದು ಮುಂಜಾನೆ ಅವರಿಂದ ಸುದ್ದಿ ಬಂತು: ಹಳ್ಳ ದಾಟುವಾಗ ನಡುವೆಯೇ ಪಂಪು ಹೋಗಿದೆ, ಆಚೆ ದಂಡೆಯ ತಿರುವು ಏರಲು ಗಾಡಿ ಹೊರಳುತ್ತಿಲ್ಲ. ಮುಂದಿನ ಊರಿನ ಬಾವಿ ಬತ್ತಿತ್ತು. ಜನ ಈ ಲಾರಿಯ ದಾರಿ ಕಾಯುತ್ತಿದ್ದರು. ಗುತ್ತಿಗೆದಾರರು ಎಲ್ಲಿಂದಲೋ ತಂದಿಟ್ಟಿದ್ದ ಹಳೆಯ ಪಂಪೊಂದನ್ನು ಚೀಲದಲ್ಲಿ ಹಾಕಿಕೊಂಡು ನಾನು ಬಸ್ಸು ಹತ್ತಿದೆ.

ಹಳ್ಳದಲ್ಲಿ ಬರೀ ಮರಳು. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಕೆಟ್ಟ ಪಂಪು ಬಿಚ್ಚಿ ನಾನು ತಂದದ್ದನ್ನು ಕೂಡಿಸಿ, ಬೆಲ್ಟ್ ಬಿಗಿದು, ಎಣ್ಣೆ ತುಂಬಿಸಿದೆ. ಕಾಕಾ ಗಾಡಿ ಚಾಲೂ ಮಾಡಿ ಸ್ಟೇರಿಂಗ್ ತಿರುಗಿಸಿದರು. ಪಂಪು ಕುಂಯ್‌ಗುಟ್ಟಿತು. ಸ್ಟೇರಿಂಗ್ ಒಮ್ಮೆ ಹಗುರಾಗುತ್ತಿತ್ತು, ಒಮ್ಮೆ ಬಿಗಿಯುತ್ತಿತ್ತು. ಪಂಪಿನ ಎಣ್ಣೆ ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ಎಣ್ಣೆಯ ಮೇಲೆ ಮಜ್ಜಿಗೆಯ ಹಾಗೆ ನೊರೆ. ಎಲ್ಲಿಂದಲೋ ಗಾಳಿ ಎಳೆಯುತ್ತಿದೆ ಎಂದು ತಿಳಿಯಿತು.

“ನೊರಿ ಇಳೀಲಿ, ಬಂದ್ ಮಾಡ್ರಿ ಕಾಕಾ. ಪೈಪ್ ನೋಡ್ತೇನಿ” ಎಂದೆ.

“ಹಂಗಾರ ನಾ ಅಷ್ಟರಾಗ ವರತಿ ನೀರು ತರ್ತೇನಿ. ಗಂಟಲಾ ಒಣಗೇತಿ” ಎಂದು ಕಾಕಾ ಕೊಡ ಹಿಡಿದು ಹಳ್ಳದ ಮೇಲುಗಡೆ ಹೊರಟರು. ಅಲ್ಲಿ ಯಾರೋ ಮರಳು ತೋಡಿ ನೀರಿನ ಗುಂಡಿ ಮಾಡಿದ್ದರು. ಹಳ್ಳದ ತಿರುವು ದಾಟಿದ ಮೇಲೆ ಅವರು ನನಗೆ ಕಾಣಲಿಲ್ಲ.

ನಾನು ಲಾರಿಯ ಕೆಳಗೆ ಅಂಗಾತ ಮಲಗಿದೆ. ಡಬ್ಬಿಯಿಂದ ಪಂಪಿಗೆ ಬರುವ ರಬ್ಬರ್ ಪೈಪು ತುದಿಯಲ್ಲಿ ಸೀಳಿತ್ತು. ಸೀಳಿದ್ದನ್ನು ಕತ್ತರಿಸಿ ಮತ್ತೆ ತೊಡಿಸಿದೆ. ಕ್ಲಿಪ್ಪಿನ ಸ್ಕ್ರೂ ಬಿಗಿಯುತ್ತಿದ್ದಾಗ ಕಿವಿಯ ಪಕ್ಕದಲ್ಲೇ ಎಂಬಂತೆ ಕಾಕಾನ ದನಿ ಕೇಳಿತು.

“ಮಿಸ್ತ್ರಿ, ಮ್ಯಾಲ ಬಾ!”

ಆ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಏನೋ ಆಗಿದೆ ಎಂದು ಸ್ಕ್ರೂಡ್ರೈವರ್ ಅಲ್ಲೇ ಬಿಟ್ಟು ಹೊರಳಿ ಹೊರಬಂದು ದಂಡೆಗೆ ಓಡಿದೆ. ಗಾಡಿಯ ಕೆಳಗಿದ್ದವನಿಗೆ ‘ಹೊರಗ ಬಾ’ ಎನ್ನಬೇಕಿತ್ತಲ್ಲ ಎಂದು ಹೊಳೆದದ್ದು ಆಮೇಲೆ.

ದಂಡೆಯ ಮೇಲೆ ಕಾಕಾ ಏದುಸಿರು ಬಿಡುತ್ತ ನನ್ನ ಕಡೆಗೇ ಬರುತ್ತಿದ್ದರು. ಕೈಯಲ್ಲಿ ಕೊಡವಿರಲಿಲ್ಲ.

“ಯಾಕ ಕರದ್ರಿ ಕಾಕಾ? ಏನಾತು?”

“ನಾ ಎಲ್ಲಿ ಕರದ್ನೋ? ನೀನ ಒದರಿದಿ! ‘ಕಾಕಾ, ಮ್ಯಾಲ ಬಾ’ ಅಂದಿ. ಇಷ್ಟ ದಿನಾ ‘ಬರ್ರಿ’ ಅನ್ನಾಂವ, ಇವತ್ತ ನನಗ ‘ಬಾ’ ಅಂತೀ ಏನು?”

“ಅಲ್ಲಾನ ಆಣಿ, ನಾ ಒದರಿಲ್ಲರಿ. ಗಾಡಿ ಬುಡಕ ಇದ್ನಿ.”

ಅವರ ದೇವರ ಮೇಲೆ ನಾನು ಆಣೆ ಮಾಡಿದ್ದು ಕೇಳಿ ಕಾಕಾ ಇನ್ನಷ್ಟು ಕೆರಳಿದರು. ಕೈ ಎತ್ತಿ ಏನೋ ಹೇಳಹೊರಟವರು ಹಾಗೆಯೇ ನಿಂತುಬಿಟ್ಟರು. ಹಳ್ಳದ ಮೇಲುಗಡೆಯಿಂದ ಗುಡುಗುಡು ಸದ್ದು ಬಂತು. ನೋಡುನೋಡುತ್ತಿದ್ದಂತೆ ತಿರುವಿನಿಂದ ಕೆಸರು ಬಣ್ಣದ ನೀರು ಜಾಲಿಯ ಗಿಡಗಳನ್ನು ಹೊತ್ತುಕೊಂಡು ನುಗ್ಗಿತು. ಎಲ್ಲಿಯೋ ದೂರದಲ್ಲಿ ಮಳೆಯಾಗಿತ್ತು. ಕಾಕಾ ನೀರು ತೋಡುತ್ತಿದ್ದ ಗುಂಡಿ ಎಲ್ಲಿತ್ತೆಂದು ತಿಳಿಯದಾಯಿತು. ಲಾರಿ ಒಮ್ಮೆ ನಡುಗಿ, ನಾನು ಮಲಗಿದ್ದ ಬದಿಗೇ ವಾಲಿ, ಮರಳಿನಲ್ಲಿ ಕುಸಿಯಿತು. ಕಾಕಾ ನನ್ನ ತೋಳು ಹಿಡಿದುಕೊಂಡರು. ಆ ಹಿಡಿತದ ಗುರುತು ನನ್ನ ತೋಳಿನ ಮೇಲೆ ಬಹಳ ಹೊತ್ತು ಇತ್ತು.

ದಂಡೆಯ ಮೇಲೆ ಆಡು ಮೇಯಿಸುತ್ತಿದ್ದ ಒಬ್ಬ ಮುದುಕಿ ನಮ್ಮ ಹತ್ತಿರ ಬಂದಳು. ಅವಳು ಕೂತಿದ್ದ ದಿಬ್ಬದಿಂದ ಲಾರಿಯೂ ಕಾಣುತ್ತಿತ್ತು, ವರತಿಯೂ ಕಾಣುತ್ತಿತ್ತು. ನಮ್ಮಲ್ಲಿ ಮೊದಲು ಕೂಗಿದ್ದು ಯಾರು ಎಂದು ಕಾಕಾ ಅವಳನ್ನೇ ಕೇಳಿದರು.

“ಯಾರೂ ಒದರಿಲ್ಲಪ್ಪಾ” ಎಂದಳು. “ನನ್ನ ಕಿವಿ ಚಲೋ ಅದಾವ. ಇಬ್ಬರೂ ಸುಮ್ಮ ನಿಮ್ಮ ನಿಮ್ಮ ಕೆಲಸಾ ಮಾಡಾಕತ್ತಿದ್ರಿ. ಒಮ್ಮಿಗೇ ಎದ್ದು ಓಡಿದ್ರಿ. ನಿಮಗ ನೀರು ಕಂಡಿರಬೇಕು ಅಂತ ನಾನೂ ಎದ್ದೆ.”

ನೀರು ಇಳಿದ ಮೇಲೆ ಲಾರಿಯನ್ನು ಎತ್ತಿ ಎಳೆಸಿದೆವು. ಮರಳು ತೊಳೆದು, ಅರ್ಧಕ್ಕೆ ಬಿಟ್ಟಿದ್ದ ಕ್ಲಿಪ್ಪು ಬಿಗಿದು, ಎಣ್ಣೆ ಬದಲಿಸಿ ಚಾಲೂ ಮಾಡಿದಾಗ ಸ್ಟೇರಿಂಗ್ ಒಂದು ಬೆರಳಿಗೆ ತಿರುಗಿತು. ಆ ಊರಿನಲ್ಲಿ ಬೋರಿಗೆ ನೀರೂ ಬಿತ್ತು. ಪ್ರವಾಹದ ಸದ್ದನ್ನೇ ನಮ್ಮ ಮನಸ್ಸು ಮಾತಾಗಿ ಕೇಳಿಸಿಕೊಂಡಿತೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹಾಗಾದರೆ ಇಬ್ಬರಿಗೂ ಅದೇ ಎರಡು ಮಾತು ಏಕೆ ಕೇಳಿಸಿದವು? ಕಿವಿ ಚೆನ್ನಾಗಿದ್ದ ಆ ಮುದುಕಿಗೆ ಏಕೆ ಏನೂ ಕೇಳಿಸಲಿಲ್ಲ?

ಕಾಕಾ ತೀರಿಕೊಳ್ಳುವ ಮೊದಲು ಅವರನ್ನು ನೋಡಲು ಹೋಗಿದ್ದೆ. ಆಗಲೂ ಅವರು, “ಖರೇ ಹೇಳು ಮಿಸ್ತ್ರಿ, ಅವತ್ತ ನೀನ ಕರದಿ ಹೌದಲ್ಲೋ?” ಎಂದು ಕೇಳಿದರು. ಹೌದು ಎಂದಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತೇನೋ. ಆದರೆ ಅದೇ ಪ್ರಶ್ನೆಯನ್ನು ನಾನು ಅವರಿಗೆ ಕೇಳಬೇಕೆಂದೇ ಹೋಗಿದ್ದೆ.