ಕೆಂಪು ಕಾರಿಗೆ ಹಸಿರು ಕೂಲೆಂಟ್

ವಾಡಿಯಲ್ಲಿ ಕಪಿಲ ಎಂದರೆ ಯಾರೂ ಗುರುತು ಹಿಡಿಯುವುದಿಲ್ಲ. ಕೆಂಪು ಕಾರಿನ ಕಪಿಲ ಎನ್ನಬೇಕು. ಆಗ ಚಹಾದಂಗಡಿಯವನೂ ಸಿಮೆಂಟ್ ಲಾರಿಯವನೂ ಬೆರಳು ಮಾಡಿ ಕಾರು ನಿಲ್ಲುವ ಶೆಡ್ಡು ತೋರಿಸುತ್ತಾರೆ. ಕಾರು ಅವನದಲ್ಲ ಎಂಬುದು ಅವರಿಗೆಲ್ಲ ಗೊತ್ತು. ಅವನೇ ಕಾರಿಗೆ ಸೇರಿದವನು ಎಂಬುದೂ ಗೊತ್ತು.

ಕಾರು ಅವನ ಅಣ್ಣ ಅಜಯಕುಮಾರನದು. ಹೈದರಾಬಾದಿನಲ್ಲಿ ಕಲ್ಲಿನ ವ್ಯಾಪಾರ ಮಾಡುವ ಈ ಅಣ್ಣ ಅಲ್ಲೆಲ್ಲೋ ನೋಡಿ, ಮನಸ್ಸು ಸೋತು, ಹಳೆಯ ಜಪಾನಿ ಸ್ಪೋರ್ಟ್ಸ್ ಕಾರೊಂದನ್ನು ಕೊಂಡ. ಎರಡೇ ಬಾಗಿಲು, ಎರಡೇ ಸೀಟು. ಚಾವಣಿ ಬಿಚ್ಚಿ ಹಿಂದಕ್ಕೆ ಮಡಚಬಹುದು. ಹೊಟ್ಟೆ ನೆಲಕ್ಕೆ ಎಷ್ಟು ಹತ್ತಿರವೆಂದರೆ ರಸ್ತೆಯುಬ್ಬು ಕಂಡಲ್ಲೆಲ್ಲ ಕಪಿಲ ಉಸಿರು ಬಿಗಿ ಹಿಡಿಯಬೇಕು. ಅಣ್ಣನ ಈ ಹುಚ್ಚಿಗೆ ಒಂದು ಕಾರಣವಿತ್ತು. ಇವರ ಅಪ್ಪ ಭೀಮಶ್ಯಾ ಮದುಮಗನಾಗಿದ್ದಾಗ ಮೇಲ್ಜಾತಿಯವರು ಊರ ಮುಂದಿನ ಬೀದಿಯಲ್ಲಿ ಮೆರವಣಿಗೆ ಹೋಗಲು ಬಿಡದೆ, ಹಿಂದಿನ ಓಣಿಯಿಂದ ನಡೆದು ಹೋಗುವಂತೆ ಮಾಡಿದ್ದರಂತೆ. ಹಾಗಾಗಿ ನಮ್ಮ ಮನೆಯ ಮದುಮಕ್ಕಳು ಇನ್ನು ಮುಂದೆ ಯಾರೂ ಕಂಡಿರದಂಥ ಗಾಡಿಯಲ್ಲೇ ಹೋಗಬೇಕು ಎಂದು ಅಣ್ಣ ಹಟ ತೊಟ್ಟ. ಹಟ ಒಳ್ಳೆಯದೇ. ಅದನ್ನು ತೊಟ್ಟವನು ಹೈದರಾಬಾದಿನಲ್ಲಿದ್ದ, ತೊಳೆದು ಒರೆಸುವವನು ವಾಡಿಯಲ್ಲಿದ್ದ, ಅಷ್ಟೇ.

"ನೀ ಇದ್ದೀ ಅಂತ್ಲೇ ತಂದೀನಿ ತಮ್ಮಾ" ಎಂದಿದ್ದ ಅಣ್ಣ. ಕಪಿಲ ಏನು ಹೇಳಿಯಾನು? ಅಪ್ಪ ಬೇಗ ತೀರಿಕೊಂಡ ಮೇಲೆ ಗಣಿಯಲ್ಲಿ ಹಾಸುಗಲ್ಲು ಹೊತ್ತು ಇವನನ್ನು ಓದಿಸಿದವನು, ಡ್ರೈವಿಂಗ್ ಕಲಿಸಿದವನು, ಮದುವೆ ಮಾಡಿದವನು ಅಜಯಕುಮಾರ. ಅಂಥವನ ಮುಂದೆ "ಇಲ್ಲ" ಎನ್ನುವ ಮಾತು ಕಪಿಲನ ಗಂಟಲು ದಾಟುತ್ತಿರಲಿಲ್ಲ.

ನಂಟರ ಮದುವೆ, ಗೆಳೆಯರ ಮದುವೆ, ಗೆಳೆಯರ ಗೆಳೆಯರ ಮದುವೆ ಎಂದು ಕಾರು ಚಿತ್ತಾಪುರ, ಶಹಾಬಾದ, ಸೇಡಂ ಸುತ್ತತೊಡಗಿತು. ಪಕ್ಕದಲ್ಲಿ ಮದುಮಗ, ಸ್ಟೇರಿಂಗ್ ಹಿಡಿದು ಕಪಿಲ. ಈ ಸೀಮೆಯ ಎಷ್ಟೋ ಮದುವೆ ಆಲ್ಬಮ್ಮುಗಳಲ್ಲಿ ಅವನ ಮೊಣಕೈ ಇದೆ, ಮುಖವಿಲ್ಲ. ಸುಲೇಪೇಟದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಂಡತಿ ರಮಾಬಾಯಿ ಮಗಳು ಮೈತ್ರಿಯನ್ನು ಕಟ್ಟಿಕೊಂಡು ಅಲ್ಲೇ ಇದ್ದಳು. ಕಪಿಲ ವಾರಕ್ಕೊಮ್ಮೆ ಸೇಡಂನಲ್ಲಿ ಬಸ್ಸು ಬದಲಿಸಿ ಹೋಗಿ, ನಂಟನ ಹಾಗೆ ಉಂಡು ಬರುತ್ತಿದ್ದ. ಮಗಳು ಅವನಿಗೆ ತಟ್ಟೆ ಇಡುವಾಗ "ಪಪ್ಪಾ, ಕುಂದರ್ರಿ" ಎಂದು ಹೊರಗಿನವರಿಗೆ ಹಚ್ಚುವ ಹಾಗೆ ಬಹುವಚನ ಹಚ್ಚುತ್ತಿದ್ದಳು. ಅದು ಅವನಿಗೆ ಚುಚ್ಚುತ್ತಿತ್ತು.

ಈ ವರ್ಷ ಮಾತ್ರ ಬಿಡುಗಡೆಯ ದಾರಿಯೊಂದು ಕಂಡಿತ್ತು. ಸುಲೇಪೇಟದ ಶಾಲೆಯೊಂದು ತನ್ನ ವ್ಯಾನಿಗೆ ಡ್ರೈವರ್ ಬೇಕೆಂದು ಇವನನ್ನು ಕೇಳಿತ್ತು. ಅಣ್ಣನ ಮಗ ಪ್ರಬುದ್ಧನ ಮದುವೆ ಮೇ ತಿಂಗಳಲ್ಲಿ, ಶಾಲೆ ತೆರೆಯುವುದು ಜೂನಿನಲ್ಲಿ. ಅಣ್ಣನೇ ಬಾಯಿಬಿಟ್ಟು ಹೇಳಿದ್ದ: "ಪ್ರಬುದ್ಧನ ಲಗ್ನ ಒಂದ್ ಆಗ್ಲಿ, ಗಾಡಿ ಮಾರಿಬಿಡ್ತೀನಿ. ನೀ ನಿನ್ನ ಹೇಂತಿ ಮಕ್ಕಳ ಹತ್ರ ಹೋಗು." ಕಪಿಲ ಆ ಮಾತನ್ನು ಜೋಪಾನವಾಗಿ ಇಟ್ಟುಕೊಂಡು ದಿನ ದೂಡುತ್ತಿದ್ದ.

ಮದುವೆಗೆ ಇನ್ನೊಂದು ವಾರವಿದೆ ಎನ್ನುವಾಗ ಚಿತ್ತಾಪುರದಿಂದ ವಾಪಸು ಬರುತ್ತಿದ್ದ ಕಾರು ನಡುದಾರಿಯಲ್ಲಿ ಬುಸುಗುಟ್ಟಿತು. ಬಾನೆಟ್ಟಿನಿಂದ ಹೊಗೆಯಂಥ ಆವಿ ಎದ್ದಿತು. ಟ್ರ್ಯಾಕ್ಟರ್ ಒಂದಕ್ಕೆ ಹಗ್ಗ ಕಟ್ಟಿಸಿ, ನೋಡುವವರ ನಗೆಯನ್ನೆಲ್ಲ ನುಂಗಿ, ಕಪಿಲ ಅದನ್ನು ಶಹಾಬಾದಿನ ಬಾಬುಮಿಯಾನ ಗ್ಯಾರೇಜಿಗೆ ಎಳೆಸಿಕೊಂಡು ಹೋದ. ಬಾಬುಮಿಯಾ ವಯಸ್ಸಾದ ಮೆಕ್ಯಾನಿಕ್. ಬೈಯುವುದರಲ್ಲೂ ಕೈಚಳಕದಲ್ಲೂ ಹೆಸರಾದವನು. ರೇಡಿಯೇಟರ್ ಬಿಚ್ಚಿ ಒಳಗೆ ಬೆರಳಾಡಿಸಿದವನು ಬಿಳಿಯ ಹಕ್ಕಳೆಯೊಂದನ್ನು ಕಿತ್ತು ಕಪಿಲನ ಅಂಗೈಗೆ ಹಾಕಿದ.

"ಇದ್ರಾಗ ಬೋರ್ ನೀರು ಹಾಕ್ಕೋತ ಬಂದೀಯಲ್ಲೋ?"

"ಎಲ್ಲಾರೂ ಅದ್ನೇ ಹಾಕ್ತಾರಲ್ಲ ಚಾಚಾ."

"ಎಲ್ಲಾರೂ ಅದ್ನೇ ಹಾಕ್ತಾರ, ಎಲ್ಲಾರೂ ನನ್ನ ಹತ್ರ ಬರ್ತಾರ."

ಸುಣ್ಣದ ಕಲ್ಲಿನ ನೆಲ ಇದು. ಬೋರಿನ ನೀರು ಕಾಯಿಸಿದರೆ ಪಾತ್ರೆಯ ತಳಕ್ಕೆ ಬಿಳಿ ಪದರ ಕೂರುತ್ತದೆ, ಎಲ್ಲರ ಮನೆಯ ಹೆಂಗಸರೂ ಅದನ್ನು ಹುಣಸೆಹಣ್ಣಿನಿಂದ ತಿಕ್ಕುತ್ತಾರೆ. ಆದರೂ ಗಾಡಿಗೆ ಬಾಯಾರಿದಾಗ ಗಂಡಸರು ಅದೇ ನೀರಿನ ಕೊಡ ಎತ್ತುತ್ತಾರೆ. ಮೇಲಾಗಿ ಈ ಕಾರು ಹುಟ್ಟಿದ್ದು ಓಡುವುದಕ್ಕೆ. ಇಲ್ಲಿ ಅದರ ಕೆಲಸ ಮೇ ತಿಂಗಳ ಬಿಸಿಲಲ್ಲಿ ಬ್ಯಾಂಡಿನವರ ಹಿಂದೆ ಹೆಜ್ಜೆ ಹೆಜ್ಜೆಯಾಗಿ ತೆವಳುವುದು. ಗಾಳಿಯಾಡದೆ ಒಳಗೇ ಬೇಯುತ್ತಿತ್ತು ಪಾಪ. ಬೇಯುವುದೆಂದರೆ ಏನೆಂದು ಕಪಿಲನಿಗೂ ಗೊತ್ತಿತ್ತು.

ರೇಡಿಯೇಟರ್ ತೊಳೆದು, ಇಂಜಿನ್ ತಣ್ಣಗಿಡುವ ಹೊಸ ಕೂಲೆಂಟ್ ತುಂಬಬೇಕು ಎಂದ ಬಾಬುಮಿಯಾ. ಯಾವುದು ಎಂಬುದರಲ್ಲೇ ಗೋಜಲು ಶುರುವಾಯಿತು. ಅಂಗಡಿಯಲ್ಲಿ ಎರಡು ಡಬ್ಬಿ ಸಿಕ್ಕವು, ಒಂದು ಕೆಂಪು, ಒಂದು ಹಸಿರು. ಕಪಿಲ ಎರಡನ್ನೂ ಕೊಂಡ. ಅಂಗಡಿಯಲ್ಲಿ ನಿಂತಿದ್ದ ಒಬ್ಬ, "ಇದು ನೀರು ಗಡ್ಡಿ ಕಟ್ಟಬಾರ್ದಂತ ಹಾಕೋದು. ನಮ್ಮಲ್ಲೇನ್ ಐಸ್ ಬೀಳ್ತದೇನು?" ಎಂದು ನಕ್ಕ. ಅಣ್ಣ ಫೋನಿನಲ್ಲಿ ಅವಸರದಲ್ಲಿದ್ದ.

"ಕೆಂಪಂದು ಹಾಕು. ಹೊಸಾ ಗಾಡಿಗೆಲ್ಲ ಅದೇ ಹಾಕ್ತಾರ. ತೊಳ್ಯೋದು ಗಿಳ್ಯೋದು ಏನೂ ಬ್ಯಾಡ, ಇದ್ದದ್ರ ಮ್ಯಾಲೇ ಸುರು. ಟೈಮ್ ಎಲ್ಲದ?"

ಬಾಬುಮಿಯಾನಿಗೆ ಹೇಳಿದಾಗ ಅವನು ಹಲ್ಲು ಕಡಿದ. "ಬಣ್ಣ ನೋಡಿ ಕೂಲೆಂಟ್ ತಗೋಬಾರ್ದು ಬೇಟಾ, ಬಣ್ಣ ಒಂದೊಂದು ಕಂಪನಿ ಒಂದೊಂದು ಹಚ್ತದ. ಡಬ್ಬಿ ಹಿಂದ ಬರದದ್ದು ಓದು. ಈ ಕೆಂಪಂದು ಹೊಸಾ ತರದ್ದು. ಈ ಗಾಡೀದು ಹಿತ್ತಾಳಿ ರೇಡಿಯೇಟರ್, ಸೀಸದ ಬೆಸುಗಿ. ಅದಕ್ಕ ಹಳೇ ತರದ್ದೇ ಬೇಕು. ಈ ಹಸಿರಂದ್ರ ಮ್ಯಾಲ ಹಂಗೇ ಬರದದ. ಅದಕ್ಕ ಸುಣ್ಣ ಇಲ್ಲದ ಬ್ಯಾಟರಿ ನೀರು ಅರ್ಧಕ್ಕರ್ಧ ಕೂಡ್ಸು."

"ಕೆಂಪಂದು ಹಾಕಿದ್ರ?"

"ಲಗ್ನ ದಾಟಿಸ್ತದ. ಒಳಗಿನ ಸುಣ್ಣದ ನೀರಿನ ಕೂಡ ಕೂಡಿ ರಾಡಿ ಆಗ್ತದ, ಬೆಸುಗಿ ತಿಂತದ. ಮಳಿಗಾಲ ಮುಗಿಯೂದ್ರಾಗ ಇಂಜಿನ್ ಖಲಾಸ್. ಇದಕ್ಕ ಮತ್ತೊಂದು ಇಂಜಿನ್ ಎಲ್ಲೂ ಸಿಗಂಗಿಲ್ಲ."

ಬಾಬುಮಿಯಾ ನಮಾಜಿಗೆ ಎದ್ದು ಹೋದ. ಕಪಿಲ ಎರಡೂ ಡಬ್ಬಿ ಮುಂದಿಟ್ಟುಕೊಂಡು ಕುಳಿತ. ಕೆಂಪು ಡಬ್ಬಿ ಸುರಿದರೆ ಅಣ್ಣನ ಮಾತು ಕೇಳಿದ ಹಾಗಾಯಿತು. ಮೆರವಣಿಗೆಗೆ ತೊಂದರೆಯಿಲ್ಲ. ಆಮೇಲೆ ಕಾರು ತಾನಾಗಿ ಸಾಯುತ್ತದೆ, ತಪ್ಪು ಯಾರ ತಲೆಗೂ ಬರುವುದಿಲ್ಲ. ಇಷ್ಟು ಸಲೀಸಾದ ಬಿಡುಗಡೆ ಅವನಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಅವನು ರಮಾಬಾಯಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದ.

ಅವಳು ಸುತ್ತು ಬಳಸುವ ಹೆಂಗಸಲ್ಲ. "ಅಣ್ಣ ಹೇಳಿದ್ದೇ ಹಾಕಿಬಿಡ್ರಿ" ಎಂದಳು.

"ಗಾಡಿ ಹಾಳಾಗ್ತದಲ್ಲ ರಮಾ."

"ಆಗ್ಲಿ ಬಿಡ್ರಿ."

"ಅಣ್ಣ ಲಗ್ನ ಆದಮ್ಯಾಲ ಮಾರ್ತೀನಂದಾನ. ಚಲೋ ಇದ್ರ ಲಗೂನ ಮಾರಾಟ ಆಗ್ತದ."

"ಚಲೋ ನಡ್ಯೋ ಗಾಡಿ ಯಾರರೆ ಮಾರ್ತಾರೇನ್ರೀ? ನಾ ಹೇಳೂದು ಹೇಳೀನಿ. ಮುಂದ ನಿಮಗ ಬಿಟ್ಟದ್ದು." ವಾರ್ಡಿನಲ್ಲಿ ಯಾರೋ ಕರೆದರೆಂದು ಫೋನಿಟ್ಟಳು.

ಕಪಿಲ ಕೆಂಪು ಡಬ್ಬಿಯ ಮುಚ್ಚಳ ತಿರುಗಿಸಿದ. ರೇಡಿಯೇಟರಿನ ಬಾಯಿಯ ಮೇಲೆ ಡಬ್ಬಿ ಹಿಡಿದು ಬಹಳ ಹೊತ್ತು ನಿಂತ. ಹಿತ್ತಾಳೆಯ ಅಂಚಿನ ಮೇಲೆ ಹಳೆಯ ಬೆಸುಗೆಯ ಗೆರೆ ಕಾಣುತ್ತಿತ್ತು. ಅದನ್ನು ಮಾಡಿದ ಕೈ ಯಾರದೋ, ಎಷ್ಟು ನೀಟಾಗಿ ಎಳೆದಿತ್ತು! ಕಣ್ಣಾರೆ ಕಂಡು ಅದನ್ನು ಕೊಳೆಸಬೇಕಲ್ಲ ಎನ್ನಿಸಿತು. ಅವನು ಮುಚ್ಚಳ ಮತ್ತೆ ಬಿಗಿ ಮಾಡಿದ. ಅಣ್ಣನ ಮಾತಿದೆಯಲ್ಲ, ಮಾರುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡ. ಅದು ನಿಜವಾದ ಕಾರಣವಲ್ಲ ಎಂದು ಒಳಗೊಳಗೆ ಗೊತ್ತಿತ್ತು. ಬಾಬುಮಿಯಾ ಬಂದ ಮೇಲೆ ಇಬ್ಬರೂ ಸೇರಿ ಸುಣ್ಣವೆಲ್ಲ ಕರಗುವ ತನಕ ತೊಳೆದರು. ಕಡೆಯ ಸಲ ಬ್ಯಾಟರಿ ನೀರಿನಿಂದಲೇ ಗಲಬರಿಸಿ, ಹಸಿರು ಕೂಲೆಂಟನ್ನು ಸಮಸಮ ಕೂಡಿಸಿ ತುಂಬಿದರು. ಅಣ್ಣ ಕೇಳಿದಾಗ ಕಪಿಲ "ಹಾಕೀನಿ" ಎಂದಷ್ಟೇ ಅಂದ.

ಮದುವೆಯ ದಿನ ಚಿತ್ತಾಪುರದ ಬಜಾರಿನಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಬಿಳಿ ಬಟ್ಟೆಯ ಪ್ರಬುದ್ಧ ಪಕ್ಕದಲ್ಲಿ ಕುಳಿತಿದ್ದ. ಮುಂದೆ ಬ್ಯಾಂಡು, ಅದರ ಮುಂದೆ ಕುಣಿಯುವ ಹುಡುಗರು, ನೀಲಿ ಬಾವುಟಗಳು. ಮೆರವಣಿಗೆ ನಡುಬೀದಿಯಲ್ಲಿ ನಿಂತು ನಿಂತು ಸಾಗಿತು. ಕಪಿಲನ ಕಣ್ಣು ರಸ್ತೆಗಿಂತ ಇಂಜಿನ್ನಿನ ಶಾಖ ತೋರಿಸುವ ಮುಳ್ಳಿನ ಮೇಲೇ ಇತ್ತು. ಅದು ನಡುವಿಗೆ ಬಂದು ಅಲ್ಲೇ ನಿಂತಿತು. ಬ್ಯಾಂಡಿನವರು ಸುಸ್ತಾದರು, ಕುಣಿಯುವವರು ನೀರಿಗೆ ಓಡಿದರು, ಕಾರು ಮಾತ್ರ ಅಳುಕಲಿಲ್ಲ. ಅಪ್ಪನಿಗೆ ಹೋಗಲು ಬಿಡದಂಥ ಬೀದಿಯಲ್ಲಿ ತನ್ನ ಕೈಯಲ್ಲಿ ಗಾಡಿ ಹೋಗುತ್ತಿದೆ ಎಂದು ಕಪಿಲನಿಗೆ ಕಣ್ಣು ತುಂಬಿ ಬಂತು. ಆ ಖುಷಿ ಸುಳ್ಳಲ್ಲ.

ಮಂಟಪದ ಬಾಗಿಲಲ್ಲಿ ಅಜಯಕುಮಾರ ತನ್ನ ಕೊರಳ ಹಾರ ತೆಗೆದು ತಮ್ಮನಿಗೆ ಹಾಕಿದ. ನಂಟರೆಲ್ಲ ಕೇಳುವ ಹಾಗೆ ಕೂಗಿದ: "ಎಂಥಾ ಬಿಸಿಲಾಗ ಹ್ಯಾಂಗ್ ನಡಸ್ದ ನೋಡ್ರಿ! ಇವನ ಕೈಗುಣ ಇದು. ನಮ್ಮ ಮನ್ಯಾಗ ಇನ್ನೂ ಎಷ್ಟು ಹುಡುಗ್ರು ಇದ್ದಾರ, ಎಲ್ಲಾರ ಮೆರವಣಿಗಿನೂ ಇದ್ರಾಗೇ, ಇವನ ಕೈಯಾಗೇ!"

ಜನ ಚಪ್ಪಾಳೆ ತಟ್ಟಿದರು. ಕಪಿಲ ಹತ್ತಿರ ಹೋಗಿ ಮೆಲ್ಲಗೆ ಹೇಳಿದ: "ಅಣ್ಣಾ, ಮಾರ್ತೀನಿ ಅಂದಿದ್ದಿ."

"ಇಂಥಾ ಗಾಡಿ ಮಾರ್ಬೇಕಾ? ನೀ ಇದ್ದೀಯಲ್ಲೋ ತಮ್ಮಾ!" ಅಣ್ಣ ಪ್ರೀತಿಯಿಂದಲೇ ಅವನ ಹೆಗಲು ಹಿಸುಕಿ ಒಳಗೆ ಹೋದ. ಅಣ್ಣನ ಮಾತಿನಲ್ಲಿ ಮೋಸವಿರಲಿಲ್ಲ. ಅದಕ್ಕೇ ಅದಕ್ಕೆ ಎದುರು ಮಾತೂ ಇರಲಿಲ್ಲ. ಸುಲೇಪೇಟದ ವ್ಯಾನು, ಮಗಳ ಜೊತೆಗಿನ ಊಟ, ಎಲ್ಲವೂ ಆ ಚಪ್ಪಾಳೆಯಲ್ಲಿ ಹೋದವು.

ರಮಾಬಾಯಿ ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಗಂಡನ ಕೊರಳಲ್ಲಿ ಅಡ್ಡ ಬಿದ್ದಿದ್ದ ಹಾರವನ್ನು ಸರಿ ಮಾಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಖರೇ ಹೇಳ್ರಿ. ಅಣ್ಣ ನಿಮ್ಮನ್ನ ಬಿಡ್ಲಿಲ್ಲೋ, ನೀವೇ ಗಾಡಿ ಬಿಡ್ಲಿಲ್ಲೋ?"

ಕಪಿಲ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನಿಂದ ಯಾರೋ, "ಕೆಂಪು ಕಾರ್ ಬಿಸಿಲಾಗ ನಿಂತದ, ನೆರಳಿಗಿ ಹಚ್ರಿ" ಎಂದು ಕೂಗಿದರು. ಅವನ ಕಾಲು ಆಗಲೇ ಆ ಕಡೆ ತಿರುಗಿತ್ತು. ಅದನ್ನು ರಮಾಬಾಯಿಗಿಂತ ಮೊದಲು ಅವನೇ ಕಂಡ.