ಒಡ್ಡು ಒಡೆದ ಮಧ್ಯಾಹ್ನ

ಯಶವಂತಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ನನಗೆ ನೀರು ಎಂದರೆ ಬೀದಿಯ ನಲ್ಲಿ, ಅದರ ಮುಂದಿನ ಕೊಡಗಳ ಸಾಲು. ಎಪ್ಪತ್ತರ ದಶಕದ ನಡುವಿನಲ್ಲಿ ಮದುವೆಯಾಗಿ, ಯಲಹಂಕದಿಂದ ಬಾಗಲೂರಿಗೆ ಹೋಗುವ ರಸ್ತೆಯಿಂದ ಒಳಗಿದ್ದ ಊರೊಂದಕ್ಕೆ ಬಂದೆ. ಅಲ್ಲಿ ಹಿತ್ತಿಲ ಬಾಗಿಲು ತೆಗೆದರೆ ನೀರೇ ಕಾಣುತ್ತಿತ್ತು. ಅದು ಕೆರೆಯಲ್ಲ, ಊರ ಕೆರೆ ಇನ್ನೂ ಕೆಳಗಿತ್ತು. ಕೆರೆಗೆ ಇಳಿಯುವ ಹಳ್ಳಕ್ಕೆ ಅಡ್ಡಲಾಗಿ, ಹೆಚ್ಚೆಂದರೆ ನನ್ನ ಎದೆಯೆತ್ತರಕ್ಕೆ, ಮನೆಯ ಹಿರೀಕರು ಯಾವಾಗಲೋ ಮಣ್ಣು ಹಾಕಿದ್ದರು. ಎಲ್ಲರೂ ಅದನ್ನು ಒಡ್ಡು ಎನ್ನುತ್ತಿದ್ದರು. ಅದರ ಹಿಂದೆ ಮಳೆಗಾಲದಿಂದ ಯುಗಾದಿಯ ಆಸುಪಾಸಿನವರೆಗೂ ನೀರು ನಿಲ್ಲುತ್ತಿತ್ತು. ಆಳವೇನೂ ಇಲ್ಲ, ಎಮ್ಮೆ ಮಲಗಿದರೆ ಬೆನ್ನು ಕಾಣುತ್ತಿತ್ತು. ಅಂಚಿನ ತುಂಬ ಜೊಂಡು, ಜೊಂಡಿನೊಳಗೆ ನೀಲಿ ಮೈಯ ಜಂಬುಕೋಳಿಗಳು.

ಹೊಸದರಲ್ಲಿ ಅಲ್ಲಿ ಬಟ್ಟೆ ಒಗೆಯಲು ಹೋದಾಗ ಅತ್ತೆ ನನ್ನ ಕೈ ಹಿಡಿದು ನಿಲ್ಲಿಸಿದರು. ನೀರಿನ ಮೇಲೆ ಕುಂಕುಮ ಚೆಲ್ಲಿದಂತೆ ಒಂದು ಕೆಂಪು ತೇಪೆ ಮೆಲ್ಲಗೆ ಸರಿಯುತ್ತಿತ್ತು.

"ಕೊರವ ಮೀನಿನ ಮರಿಗಳು ಕಣವ್ವ. ತಾಯಿ ಕೆಳ್ಗಡೆ ಇರ್ತದೆ. ಕೈ ಆಕ್ಬೇಡ, ಕಚ್ತದೆ."

ಆ ತೇಪೆ ನಿಂತರೆ ನಾವೂ ನಿಂತು, ಹೊರಟರೆ ನಾವೂ ಹೊರಟು, ಆ ದಿನ ಬಟ್ಟೆ ಒಗೆದದ್ದು ಕಡಿಮೆ.

ಮಾವನಿಗೆ ಒಬ್ಬ ತಮ್ಮ. ಪಾಲಾದ ಮೇಲೆ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ. ಒಡ್ಡಿನ ಕೆಳಗಿನ ರಾಗಿ ಹೊಲ ನಮಗೆ ಬಂದಿತ್ತು, ನೀರಿನ ಮೇಲ್ಭಾಗದ ಜಮೀನು ಚಿಕ್ಕಮಾವನಿಗೆ. ಆಗ ನಮ್ಮ ಕಡೆ ಎಲ್ಲರಿಗೂ ದ್ರಾಕ್ಷಿಯ ಹುಚ್ಚು. ಅವರೂ ಕಲ್ಲುಕಂಬ ನೆಟ್ಟು, ತಂತಿ ಎಳೆದು, ಚಪ್ಪರಕ್ಕೆ ಬಳ್ಳಿ ಹಬ್ಬಿಸಿದ್ದರು. ತಕರಾರು ಇದ್ದದ್ದು ಕೋಡಿಯಲ್ಲಿ. ಹೆಚ್ಚಾದ ನೀರು ಹೊರಗೆ ಹೋಗಲೆಂದು ಒಡ್ಡಿನ ಒಂದು ತುದಿಯನ್ನು ತಗ್ಗಾಗಿ ಬಿಟ್ಟಿದ್ದ ಜಾಗ ಅದು. ಅಲ್ಲಿ ಒಂದು ಚಪ್ಪಡಿ ಕಲ್ಲು ನಿಲ್ಲಿಸಿದರೆ ನೀರು ಏರಿ ಮೀನಿಗೆ, ಹಕ್ಕಿಗೆ, ನಮ್ಮ ಎಮ್ಮೆಗಳಿಗೆ ಸುಖ. ಆದರೆ ಚಿಕ್ಕಮಾವನ ತೋಟದ ಕೆಳ ಸಾಲುಗಳು ನೆನೆಯುತ್ತಿದ್ದವು. ಕಲ್ಲು ತೆಗೆದರೆ ಅವರ ಬಳ್ಳಿ ಬದುಕುತ್ತಿತ್ತು. ಆಗ ಜೊಂಡಿನ ಬುಡ ಒಣಗಿ, ನಾಯಿಗಳು ಕಾಲು ನೆನೆಯದೆ ಜಂಬುಕೋಳಿಯ ಗೂಡಿನವರೆಗೆ ಹೋಗುತ್ತಿದ್ದವು.

ಮಾವ ಕಲ್ಲು ಇಡುವರು. ಮಾರನೆಯ ದಿನ ಅದು ಪಕ್ಕದಲ್ಲಿ ಬಿದ್ದಿರುವುದು. ಮಾವ ಮತ್ತೆ ಇಡುವರು. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.

"ಇಬ್ರೂ ಆ ಕಲ್ಲಲ್ಲೇ ಕಾಗ್ದ ಬರ್ಕೊತಾವ್ರೆ ಬಿಡು," ಎಂದು ಅತ್ತೆ ನಗುತ್ತಿದ್ದರು. ಆದರೆ ಚಿಕ್ಕತ್ತೆ ಎದುರು ದಡಕ್ಕೆ ಬಟ್ಟೆ ತಂದರೆ ಅತ್ತೆಯ ನಗು ನಿಂತುಹೋಗುತ್ತಿತ್ತು. ಮೊದಲು ಒಂದೇ ಒಲೆಯಲ್ಲಿ ಮುದ್ದೆ ತಿರುವಿದ್ದ ಇಬ್ಬರು ಓರಗಿತ್ತಿಯರು ಈಗ ನೀರಿನ ಎರಡು ಕಡೆ ತಲೆ ತಗ್ಗಿಸಿ ಬಟ್ಟೆ ಕುಕ್ಕುತ್ತಿದ್ದರು.

ಒಂದು ವರ್ಷ ಮಳೆ ಬಿಡದೆ ಹೊಡೆಯಿತು. ಕಲ್ಲು ಇದ್ದರೂ ಇಲ್ಲದಿದ್ದರೂ ನೀರು ಇಳಿಯಲೇ ಇಲ್ಲ. ಚಿಕ್ಕಮಾವನ ಚಪ್ಪರದ ಎಲೆಗಳು ಹಳದಿಯಾದದ್ದು ನಮ್ಮ ಹಿತ್ತಿಲಿಗೇ ಕಾಣುತ್ತಿತ್ತು. ಮಾವ ನೋಡುತ್ತಿದ್ದರು, ಮತ್ತೆ ಒಳಗೆ ಬರುತ್ತಿದ್ದರು.

ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಮಧ್ಯಾಹ್ನ ನಾನು ಜಗಲಿಯಲ್ಲಿ ಅಕ್ಕಿ ಕೇರುತ್ತಿದ್ದೆ. ನನ್ನ ಗಂಡ ಜಾಲಹಳ್ಳಿ ಕಡೆಯ ಕಾರ್ಖಾನೆಗೆ ಹೋಗಿದ್ದರು. ತೊಡೆಯವರೆಗೂ ಕೆಸರು ಮೆತ್ತಿದ ಮನುಷ್ಯರೊಬ್ಬರು ಓಡಿಬಂದು ಹೊಸ್ತಿಲ ಹೊರಗೆ ನಿಂತರು. ಚಿಕ್ಕಮಾವ. ಅವರು ನಮ್ಮ ಬಾಗಿಲಿಗೆ ಬಂದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಅಣ್ಣಾ... ಒಡ್ಡು ಓಯ್ತಾ ಅದೆ. ಬೇಗ ಬಾ."

ಮಾವ ಊಟಕ್ಕೆ ಕೂತಿದ್ದರು. ಕೈ ತೊಳೆಯಲಿಲ್ಲ. ಪಂಚೆಗೆ ಒರೆಸಿಕೊಂಡು ಗುದ್ದಲಿ ತೆಗೆದುಕೊಂಡು ಹೊರಟೇಬಿಟ್ಟರು. ಅತ್ತೆ ಖಾಲಿ ಗೋಣಿಚೀಲಗಳನ್ನು ಬಾಚಿಕೊಂಡರು. ನಾನು ಹಿಂದೆ ಓಡಿದೆ.

ದಾರಿಯಲ್ಲೇ ಚಿಕ್ಕಮಾವ ಹೇಳಿದರು, ಅತ್ತೆಗೆ, ಅಣ್ಣನ ಕಡೆ ನೋಡದೆ. "ಒಂದು ಗೇಣು ಅಗಲ ತೋಡ್ದೆ ಅತ್ತಿಗೆ, ಅಷ್ಟೇಯ. ವಸಿ ನೀರು ಇಳೀಲಿ ಅಂತ. ಎರಡೂ ಕಡೆ ತಿಂದ್ಕೊಂಡು ಓಯ್ತು."

ನಾವು ತಲುಪುವ ಹೊತ್ತಿಗೆ ಆ ಗೇಣಿನಲ್ಲಿ ಎತ್ತಿನ ಗಾಡಿ ಹೋಗಬಹುದಿತ್ತು. ಕೆಂಪು ನೀರು ಸದ್ದು ಮಾಡುತ್ತ ನಮ್ಮ ರಾಗಿ ಹೊಲದೊಳಗೆ ನುಗ್ಗುತ್ತಿತ್ತು. ನೋಡುತ್ತಿದ್ದಂತೆ ಒಡ್ಡಿನ ಇನ್ನೊಂದು ಹೆಂಟೆ ಕಳಚಿ ಬಿತ್ತು. ಮಾವ ಈಗ ತಮ್ಮನಿಗೆ ಹೊಡೆಯುತ್ತಾರೆ ಎಂದುಕೊಂಡೆ.

"ಕಲ್ಲುಕಂಬ ಮಿಕ್ಕಿದ್ವಲ್ಲ, ಎಲ್ಲವೆ?" ಎಂದರು ಮಾವ.

"ಚಪ್ಪರದ ತಾವ."

"ತತ್ತಾ. ಓಡು."

ಕಂಬಗಳನ್ನು ಎಳೆದು ತಂದು ಒಡೆದ ಜಾಗಕ್ಕೆ ಅಡ್ಡಡ್ಡ ಹಾಕಿದರು. ಅವು ನಿಲ್ಲಲಿಲ್ಲ. ಆಗ ಅಣ್ಣತಮ್ಮಂದಿರು ತಾವೇ ನೀರಿಗಿಳಿದು, ಭುಜಕ್ಕೆ ಭುಜ ಕೊಟ್ಟು, ಬೆನ್ನಿನಿಂದ ಕಂಬಗಳನ್ನು ಒತ್ತಿ ಹಿಡಿದರು. "ಕಾಲು ಊರ್ಕೊಳೋ, ಜಾರ್ತೀಯ," ಎಂದು ಮಾವ ಬೈದರು. ಮೇಲೆ ನಾನು ಚೀಲದ ಬಾಯಿ ಅಗಲಿಸಿ ಹಿಡಿದೆ, ಅತ್ತೆ ಮಣ್ಣು ತುಂಬಿದರು. ಪಕ್ಕದಲ್ಲಿ ಇನ್ನೊಂದು ಗುದ್ದಲಿ ಬೀಳುವ ಸದ್ದಾಯಿತು. ಚಿಕ್ಕತ್ತೆ ಬಂದಿದ್ದರು.

"ಅಕ್ಕಾ, ಚೀಲ ಸಾಲ್ದು."

"ನಮ್ಮ ಬಣವೇಲಿ ಉಲ್ಲು ಐತೆ, ಎಳ್ಕೊಂಬಾ. ಕೇಳ್ತಾ ನಿಂತ್ಕೋಬೇಡ."

ಹುಲ್ಲು, ಚೀಲ, ಮಣ್ಣು, ಮತ್ತೆ ಹುಲ್ಲು. ದನಗಳು ಮನೆಗೆ ಬರುವ ಹೊತ್ತಿಗೆ ನೀರಿನ ಸದ್ದು ನಿಂತಿತು. ನನ್ನ ಬೆರಳುಗಳು ಗೋಣಿಯ ದಾರಕ್ಕೆ ಸುಲಿದುಹೋಗಿದ್ದವು.

ನೀರು ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ಬತ್ತಿದ ಕಡೆ ಕೆಸರು ಹೊಳೆಯುತ್ತಿತ್ತು, ಅದರಲ್ಲಿ ಮೀನುಗಳು ಒದ್ದಾಡುತ್ತಿದ್ದವು. ಸುದ್ದಿ ತಿಳಿದು ಊರಿನವರು ಮಂಕರಿ ಹಿಡಿದು ಬಂದರು. ಅತ್ತೆ ತಡೆಯಲಿಲ್ಲ, ಹೇಗೂ ಸಾಯುವ ಮೀನು. ಆದರೆ ಗುಂಡಿಗಳಲ್ಲಿ ಮರಿ ಇದ್ದ ಕಡೆ ನಿಂತು, "ಮರಿ ಇರೋ ತಾವ ಕೈ ಆಕ್ಬೇಡ್ರಪ್ಪ," ಎಂದರು. ಚಿಕ್ಕತ್ತೆ, ನಾನು ಕೊಡದಲ್ಲಿ ಮರಿಗಳನ್ನು ಎತ್ತಿ ಉಳಿದ ನೀರಿಗೆ ಬಿಟ್ಟೆವು. ಎಷ್ಟು ಬದುಕಿದವೋ ನನಗೆ ಗೊತ್ತಿಲ್ಲ. ನೀರ ಮೇಲೆ ತೇಲುತ್ತಿದ್ದ ಗೂಡುಗಳು ಈಗ ಕೆಸರಿನ ಮೇಲೆ ಓರೆಯಾಗಿ ಕೂತಿದ್ದವು. ಕೆಲವನ್ನು ಆ ಸಂಜೆಯೇ ನಾಯಿಗಳು ಮುಗಿಸಿದವು. ಮಿಕ್ಕವನ್ನು ಚಿಕ್ಕಮಾವ ಕಾದರು. ಮುಂದಿನ ಮಳೆ ಬಂದು ನೀರು ಏರುವವರೆಗೂ, ದ್ರಾಕ್ಷಿಯ ಕೆಲಸ ಬಿಟ್ಟು, ಕೋಲು ಹಿಡಿದು ಅಲ್ಲೇ ಕೂರುತ್ತಿದ್ದರು. ಯಾರೂ ಅವರಿಗೆ ಹಾಗೆ ಮಾಡಲು ಹೇಳಿರಲಿಲ್ಲ.

ಒಡ್ಡು ಮುಚ್ಚಿದ ಆ ಸಂಜೆ ಇಬ್ಬರೂ ಅದರ ಮೇಲೇ ಕೂತಿದ್ದರು. ನಾನು ಕಾಫಿ ತೆಗೆದುಕೊಂಡು ಹೋಗಿದ್ದೆ.

"ನನ್ನ ಕೇಳ್ದೆ ಯಾಕೋ ತೋಡ್ದೆ?" ಎಂದರು ಮಾವ.

"ಬೇರು ಕೊಳೀತಾ ಇತ್ತು ಅಣ್ಣ. ನಿಂಗೆ ಏಳೋಕೆ ಬಾಯಿ ಬರ್ಲಿಲ್ಲ."

ಮಾವ ಕೈಯಲ್ಲಿದ್ದ ಲೋಟವನ್ನು ತಿರುಗಿಸಿದರು. "ಎಲೆ ಅಳ್ದಿ ಆಗಿದ್ದು ನಂಗೂ ಕಾಣ್ತಿತ್ತು," ಎಂದರು.

ನಾನು ಆ ಮಾತನ್ನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ದ್ವೇಷವೆಂದು ನಾನು ತಿಳಿದಿದ್ದುದರ ಒಳಗೆ ಇದ್ದದ್ದು ಬಹುಶಃ ನಾಚಿಕೆ. ಮೊದಲ ಮಾತು ಯಾರು ಆಡಬೇಕು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಪ್ರತಿ ವರ್ಷ ಆ ನಾಚಿಕೆಗೂ ಒಡ್ಡಿನಂತೆ ಇನ್ನಷ್ಟು ಮಣ್ಣು ಬೀಳುತ್ತಾ ಹೋಗಿತ್ತು.

ಬೇಸಿಗೆಯಲ್ಲಿ ಎರಡೂ ಮನೆಯವರು ಸೇರಿ ಕೆರೆಯಂಗಳದ ಜೇಡಿಮಣ್ಣು ಹೊತ್ತು, ಪದರ ಪದರವಾಗಿ ಹರಡಿ, ಅದರ ಮೇಲೆ ಎಮ್ಮೆಗಳನ್ನು ಓಡಾಡಿಸಿ ತುಳಿಸಿದೆವು. ಕೋಡಿಗೆ ಏನು ಮಾಡುವುದು ಎಂದು ಗಂಡಸರು ತಲೆ ಕೆರೆದುಕೊಳ್ಳುತ್ತಿದ್ದಾಗ ಚಿಕ್ಕತ್ತೆ ಹೇಳಿದರು, "ಯಲಂಕದಲ್ಲಿ ಅಂಗ್ಡಿ ಬಾಗ್ಲಿಗೆ ಒಂದೊಂದೇ ಅಲಗೆ ಜೋಡಿಸ್ತಾರಲ್ಲ, ಅಂಗೆ ಮಾಡ್ಬಾರ್ದಾ? ಕಲ್ಲಾದ್ರೆ ಇಟ್ರೆ ಪೂರಾ, ತೆಗುದ್ರೆ ಪೂರಾ."

ಹಾಗೇ ಆಯಿತು. ಉದ್ದಕ್ಕೂ ತೋಡು ಕೊರೆದು ನಿಲ್ಲಿಸಿದ ಎರಡು ಕಲ್ಲುಗಳ ನಡುವೆ ಹಲಗೆಗಳು ಒಂದರ ಮೇಲೊಂದು ಕೂತವು.

ಜಗಳ ಮುಗಿಯಿತೆಂದು ಹೇಳಲಾರೆ. ಮುಂದಿನ ಮಳೆಗಾಲದಲ್ಲಿ ಕೋಡಿಯ ಹತ್ತಿರ ಇಬ್ಬರ ದನಿಯೂ ಜೋರಾಗಿ ಕೇಳಿ ನಾನು ಓಡಿಹೋದೆ. ಹಲಗೆ ತೆಗೆಯಬೇಕು ಎಂದು ಒಬ್ಬರು, ಕೂಡದು ಎಂದು ಇನ್ನೊಬ್ಬರು. ನನ್ನನ್ನು ಕಂಡದ್ದೇ ಮಾವ, "ನೀನೇ ಏಳವ್ವ, ದಿನಾ ಬಟ್ಟೆ ಒಗೀವಾಗ ನೋಡ್ತೀಯಲ್ಲ," ಎಂದರು. ಚಿಕ್ಕಮಾವನೂ ನನ್ನ ಕಡೆ ತಿರುಗಿದರು. ಆ ಮನೆಯಲ್ಲಿ ಅಡಿಗೆಯ ಉಪ್ಪು ಬಿಟ್ಟು ಬೇರೆ ಯಾವುದಕ್ಕೂ ನನ್ನನ್ನು ಕೇಳಿದ್ದು ಅದೇ ಮೊದಲು. ನಾನು ಜೊಂಡಿನ ಅಂಚಿಗೆ ಹೋಗಿ ನೋಡಿದೆ. ಒಂದು ಜಂಬುಕೋಳಿ ಕಪ್ಪು ಮರಿಗಳನ್ನು ಕರೆದುಕೊಂಡು ಹೋಗುತ್ತಿತ್ತು. ಇನ್ನೊಂದು ಇನ್ನೂ ಮೊಟ್ಟೆಗೆ ಕಾವು ಕೂತಿತ್ತು, ಗೂಡಿನಿಂದ ಎದ್ದಿರಲಿಲ್ಲ.

"ಮೇಲಿಂದು ಒಂದು ಹಲಗೆ ತೆಗೀರಿ," ಎಂದೆ. "ಉಳಿದಿದ್ದು ಅದು ಎದ್ದ ಮೇಲೆ."

"ಒಂದ್ರಲ್ಲಿ ಏನಾಯ್ತದೆ ತಾಯಿ," ಎಂದರು ಚಿಕ್ಕಮಾವ.

"ಒಂದೂ ಜಾಸ್ತೀನೇ," ಎಂದರು ಮಾವ.

ಹಲಗೆ ನೀರು ಕುಡಿದು ಊದಿಕೊಂಡು ಕಚ್ಚಿಕೊಂಡಿತ್ತು. ಇಬ್ಬರೂ ಗೊಣಗುತ್ತಲೇ ಬಗ್ಗಿ, ಆ ತುದಿ ಒಬ್ಬರು ಈ ತುದಿ ಒಬ್ಬರು ಹಿಡಿದು ಎಳೆದರು.