ಸಡಿಲಿಸಿದ ತಂತಿ

ಟ್ಯೂನಿಸ್‌ನಲ್ಲಿ ಮಕ್ಕಳಿಗೆ ಊದ್ ವಾದ್ಯ ಕಲಿಸುವ, ಎಲ್ಲರೂ ಗೌರವದಿಂದ 'ಲಲ್ಲಾ' ಎಂದು ಕರೆಯುವ ವಸೀಲಾಗೆ ಒಂದು ಹಟವಿತ್ತು. ಶಿಷ್ಯರು ವೇದಿಕೆ ಹತ್ತುವ ಮುನ್ನ, ಶ್ರುತಿಗೊಳಿಸಿದ್ದ ತಂತಿಗಳನ್ನು ತಾನೇ ಸಡಿಲಿಸಿಬಿಡುತ್ತಿದ್ದಳು.

ಸ್ಪರ್ಧೆಯ ದಿನ ವ್ಯವಸ್ಥಾಪಕ ಮುನೀರ್ ರೇಗಿದ. "ಜನರೆದುರು ಶ್ರುತಿ ಮಾಡ್ತಾ ಕೂತ್ರೆ ಹೊತ್ತಾಗಲ್ವಾ, ಲಲ್ಲಾ?"

"ಆಗಲಿ. ಮದುವೆ ಊಟಕ್ಕೆ ಗಂಟೆಗಟ್ಟಲೆ ಕಾಯೋ ಜನ, ಒಂದು ಹುಡುಗಿ ಉಸಿರಾಡೋದಕ್ಕೆ ಕಾಯಲ್ವಾ?"

ಪಕ್ಕದಲ್ಲಿದ್ದ ಶಿಷ್ಯೆ ರಿಹಾಬ್ ಪಿಸುಗುಟ್ಟಿದಳು. "ಕೈ ನಡುಗ್ತಿದೆ, ಲಲ್ಲಾ."

"ನಡುಗಲಿ ಬಿಡು. ತಂತಿನೂ ನಡುಗುತ್ತೆ, ಅದಕ್ಕೇ ನಾದ ಬರೋದು. ಒಂದೊಂದನ್ನೇ ಮೀಟಿ, ದನಿ ಆರೋವರೆಗೂ ಕೇಳು."

ವೇದಿಕೆಯ ಮೇಲೆ ರಿಹಾಬ್ ಹಾಗೇ ಮಾಡಿದಳು. ಕೊನೆಯ ತಂತಿಯ ಹೊತ್ತಿಗೆ ಅವಳ ಉಸಿರು ಹದಕ್ಕೆ ಬಂದಿತ್ತು. ಗುಜುಗುಡುತ್ತಿದ್ದ ಸಭೆಯೂ ಆ ದನಿಗೇ ಕಿವಿಗೊಟ್ಟು ಕೂತಿತ್ತು.

ಗಡಿಯಾರ ನೋಡುತ್ತಿದ್ದ ಮುನೀರ್‌ನತ್ತ ವಸೀಲಾ ತಿರುಗಿದಳು. "ಈಗ ಹೇಳಪ್ಪ, ಅವಸರ ಯಾರಿಗಿದೆ?"